ಆ ಕತ್ತಿ ಯಾರದು? ರಜಾಕಾರರ ಕಾಲದ ವಸ್ತುಗಳ ಬೆನ್ನು ಹತ್ತಿ

ಸೆಪ್ಟೆಂಬರ್ 17 ಹತ್ತಿರ ಬಂತೆಂದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯ ಫೋಟೊಗಳು ಓಡಾಡಲು ಶುರುವಾಗುತ್ತವೆ. ಒಮ್ಮೆ ನಮ್ಮ ಕೈಗೂ ಅಂಥದ್ದೊಂದು ಬಂತು. ತುಕ್ಕು ಹಿಡಿದ ಒಂದು ಕತ್ತಿ, ಕೆಳಗೆ ಎರಡೇ ಸಾಲು: 'ರಜಾಕಾರರ ಕತ್ತಿ. ನಮ್ಮವರ ರಕ್ತ ಕುಡಿದ ಕತ್ತಿ.' ಮಧ್ಯಾಹ್ನದ ಹೊತ್ತಿಗೆ ಅದೇ ಫೋಟೊ ಐದಾರು ಗುಂಪುಗಳಿಂದ ತಿರುಗಿ ಬಂದಿತ್ತು.

ನಾವು ಪತ್ರಿಕೋದ್ಯಮ ಓದಿ ಊರಿಗೆ ಮರಳಿದವರು. 'ಇದು ಯಾರು ತೆಗೆದ ಫೋಟೊ?' ಎಂದು ಕೇಳುವುದು ನಮ್ಮ ಚಟ. ಕೇಳುತ್ತ ಕೇಳುತ್ತ ಎರಡು ದಿನಕ್ಕೆ ಆ ಕತ್ತಿ ಇದ್ದ ಮನೆಗೇ ಹೋದೆವು. ಊರಿನ ಹೆಸರು ಬೇಡ. ಮನೆಯ ಹಿರಿಯರು ಫೋಟೊ ನೋಡಿ ತಲೆ ಮೇಲೆ ಕೈ ಹೊತ್ತು ಕೂತರು. 'ಇದು ನಮ್ಮ ಮುತ್ಯಾಂದ್ರಿ. ರಜಾಕಾರರು ಬರ್ತಾರಂತ ಅಗಸಿ ಕಾಯಾಕ ಹಿಡ್ಕೊಂಡು ನಿಂದರ್ತಿದ್ದ. ಹಿಂಗ ಬರದ್ರ ನಮ್ಮ ಮುತ್ಯಾನೇ ರಜಾಕಾರ ಆದ್ನಲ್ರೀ!'

ಕತ್ತಿ ಅದೇ. ಒಂದು ಚೀಟಿ ಅಂಟಿಸಿದರೆ ಕೊಂದವರದು, ಇನ್ನೊಂದು ಚೀಟಿ ಅಂಟಿಸಿದರೆ ಕಾಯ್ದವರದು. ಕತ್ತಿಗೆ ಬಾಯಿಲ್ಲ. ಅದರ ಪಕ್ಕ ಯಾರು ಏನು ಬರೆಯುತ್ತಾರೋ ಅದೇ ಅದರ ಮಾತು. ಅವತ್ತಿನಿಂದ ನಾವು ಆ ಕಾಲದ ವಸ್ತುಗಳ ಬೆನ್ನು ಹತ್ತಿದೆವು. ಕಂಡದ್ದು, ಓದಿದ್ದು ಎರಡನ್ನೂ ಇಲ್ಲಿ ಬರೆದಿದ್ದೇವೆ.

ನಮ್ಮ ಮೂರು ತಾಲ್ಲೂಕುಗಳಲ್ಲಿ ಈ ನೆನಪು ಯಾಕೆ ಇಷ್ಟು ಗಟ್ಟಿ ಎಂಬುದಕ್ಕೆ ನಕ್ಷೆ ನೋಡಿದರೆ ಸಾಕು. 1948ರ ತನಕ ನಾವು ಹೈದರಾಬಾದ್ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ರಾಜ್ಯದ ಪಶ್ಚಿಮದ ಅಂಚು. ಆಳಂದದ ಆಚೆ ಅಕ್ಕಲಕೋಟ. ಅಫಜಲಪುರದ ಆಚೆ ಇಂಡಿ, ಸಿಂದಗಿ. ಜೇವರ್ಗಿಯ ಪಶ್ಚಿಮಕ್ಕೂ ಸಿಂದಗಿಯೇ. ಇಂಡಿ, ಸಿಂದಗಿ ಅಂದರೆ ಬಿಜಾಪುರ ಜಿಲ್ಲೆ, ಬ್ರಿಟಿಷರ ಮುಂಬೈ ಪ್ರಾಂತ. ಇವತ್ತು ಬೈಕ್ ಮೇಲೆ ಅರ್ಧ ತಾಸಿನಲ್ಲಿ ಹೋಗಿ ಬರುವ ಊರುಗಳ ನಡುವೆ ಆಗ ಬೇರೆ ರಾಜ್ಯ, ಬೇರೆ ನಾಣ್ಯ, ಬೇರೆ ಅಂಚೆ ಚೀಟಿ. ನಡುವೆ ಕರೋಡಗಿರಿ ನಾಕಾ. ಕರೋಡಗಿರಿ ಅಂದರೆ ನಿಜಾಮನ ಸುಂಕದ ಇಲಾಖೆ. ಗಡಿ ದಾಟುವ ಸರಕಿಗೆ ಅಲ್ಲಿ ಸುಂಕ ಕಟ್ಟಬೇಕಿತ್ತು.

1947ರ ಆಗಸ್ಟ್ 15ಕ್ಕೆ ಗಡಿಯಾಚೆಯವರಿಗೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ಬಿಜಾಪುರ ಕಡೆ ಬಾವುಟ ಹಾರುತ್ತಿದ್ದರೆ ಈಚೆ ಅದೇ ಬಾವುಟ ಹಿಡಿದವರು ಜೈಲಿಗೆ ಹೋಗುತ್ತಿದ್ದರು. ಭಾರತಕ್ಕೆ ಸೇರಬೇಕೆಂಬ ಚಳವಳಿಯನ್ನು ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ 1947ರ ಆಗಸ್ಟ್ 7ರಂದು ಶುರು ಮಾಡಿತ್ತು. ಅದರ ಮುಂದಾಳು ಸ್ವಾಮಿ ರಮಾನಂದ ತೀರ್ಥರನ್ನು ಸ್ವಾತಂತ್ರ್ಯದ ದಿನವೇ ಹಿಡಿದು ಒಳಗೆ ಹಾಕಿದರು. ಹೊರಗೆ ಉಳಿದ ಕಾರ್ಯಕರ್ತರು ಗಡಿ ದಾಟಿ ಶಿಬಿರ ಕಟ್ಟಿದರು. ಸೊಲ್ಲಾಪುರ, ಗಜೇಂದ್ರಗಡ, ಮುಂಡರಗಿ, ಹೀಗೆ ಗಡಿಯುದ್ದಕ್ಕೂ ಶಿಬಿರಗಳಿದ್ದವು. ಅಲ್ಲಿಂದ ರಾತ್ರಿ ಬಂದು ಕರೋಡಗಿರಿ ನಾಕಾಗಳಿಗೆ ಬೆಂಕಿ ಇಡುವುದು, ತಂತಿ ಕತ್ತರಿಸುವುದು. ಮರುದಿನ ಅದರ ಸೇಡು ಈಚೆಯ ಊರಿನ ಮೇಲೆ.

ಆ ಸೇಡು ತೀರಿಸುವವರಲ್ಲಿ ಮುಂದೆ ನಿಂತವರು ರಜಾಕಾರರು. ಈ ಪದದ ಅರ್ಥ ಸ್ವಯಂಸೇವಕ ಎಂದಷ್ಟೆ. 1927ರಲ್ಲಿ ಹುಟ್ಟಿದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಎಂಬ ಸಂಘಟನೆಯ ಪಡೆ ಅದು. 1946ರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿ ಮಜ್ಲಿಸ್ ಅಧ್ಯಕ್ಷನಾದ ಮೇಲೆ ಪಡೆಯ ಸ್ವರೂಪವೇ ಬದಲಾಯಿತು. ಖಾಕಿ ಬಟ್ಟೆ, ಕವಾಯತು, ಬೆಂಕಿ ಉಗುಳುವ ಭಾಷಣ. ಹೈದರಾಬಾದ್ ಸ್ವತಂತ್ರ ರಾಷ್ಟ್ರವಾಗಿ ಉಳಿಯಬೇಕು, ಬೇಡ ಎಂದವರು ದ್ರೋಹಿಗಳು ಎಂಬುದು ಅವರ ಹಟ. ಬಹಳ ಜನರ ಕೈಯಲ್ಲಿದ್ದದ್ದು ಲಾಠಿ, ಭಾಲೆ, ಕತ್ತಿ, ಮದ್ದು ತುಂಬಿ ಹಾರಿಸುವ ಹಳೆಯ ಬಂದೂಕು. ಆದರೆ ಬೆನ್ನಿಗೆ ನಿಜಾಮನ ಪೊಲೀಸರಿದ್ದರು. ಊರ ಜನಕ್ಕೆ ಹೆದರಿಕೆ ಹುಟ್ಟಿಸಿದ್ದು ಬಂದೂಕಿಗಿಂತ ಹೆಚ್ಚಾಗಿ ಇದೇ: ದೂರು ಕೊಡಲು ಹೋದರೆ ಠಾಣೆಯಲ್ಲೂ ಅವರೇ.

ಈಗ ವಸ್ತುಗಳಿಗೆ ಬರೋಣ.

ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ನಾಣ್ಯ. ನಿಜಾಮನ ಹಾಲಿ ಸಿಕ್ಕಾ, ಮೇಲೆ ಚಾರ್‌ಮಿನಾರ್ ಚಿತ್ರ. ನಮ್ಮ ತಾಂಡಾಗಳಲ್ಲಿ ಲಂಬಾಣಿ ಅಜ್ಜಿಯರ ಸರದಲ್ಲಿ, ಜಾಕೀಟಿನ ಮೇಲೆ ಹಳೆಯ ನಾಣ್ಯಗಳು ಇವತ್ತಿಗೂ ಕಾಣುತ್ತವೆ. ಏಳು ಹಾಲಿ ರೂಪಾಯಿಗೆ ಭಾರತದ ಆರು ರೂಪಾಯಿ ಎಂಬುದು ಆಗಿನ ಲೆಕ್ಕ. ಗಡಿಯಾಚೆ ಸಂತೆಗೆ ಹೋಗುವ ರೈತ ಪ್ರತಿ ಸಲ ಈ ಲೆಕ್ಕ ಮಾಡಬೇಕಿತ್ತು. ನಾಣ್ಯದಲ್ಲಿ ದ್ವೇಷವೇನೂ ಇಲ್ಲ, ಅದು ಬರೀ ಒಂದು ಸರ್ಕಾರದ ದುಡ್ಡು. ಆದರೂ 'ರಜಾಕಾರರ ನಾಣ್ಯ' ಎಂದು ಆನ್‌ಲೈನಿನಲ್ಲಿ ಮಾರುವವರಿದ್ದಾರೆ. ರಜಾಕಾರರು ನಾಣ್ಯ ಟಂಕಿಸಲಿಲ್ಲ. ಕೊಳ್ಳುವವರು ಮೋಸ ಹೋಗಬೇಡಿ.

ಎರಡನೆಯದು ವಸ್ತುಸಂಗ್ರಹಾಲಯಕ್ಕೆ ಎತ್ತಿ ಒಯ್ಯಲಾಗದ ವಸ್ತು, ಗಾಣಗಾಪುರ ರೋಡ್ ರೈಲು ನಿಲ್ದಾಣ. ದತ್ತನ ದರ್ಶನಕ್ಕೆ ಹೋಗುವವರು ಇಳಿಯುವ ಅದೇ ನಿಲ್ದಾಣ. 1948ರ ಮೇ 22ರಂದು ಮದ್ರಾಸ್–ಮುಂಬೈ ಮೇಲ್ ರೈಲಿನ ಮೇಲೆ ಅಲ್ಲಿ ದಾಳಿಯಾಯಿತು. ಪ್ರಯಾಣಿಕರು ಸತ್ತರು, ಗಾಯಗೊಂಡರು, ಕೆಲವರು ಕಾಣೆಯಾದರು. ರೈಲು ಮುಂಬೈ ಮುಟ್ಟಿದ ಮೇಲೆ ಸುದ್ದಿ ದೇಶಕ್ಕೆಲ್ಲ ಹರಡಿತು. ಹೈದರಾಬಾದಿನಲ್ಲಿ ಕಾನೂನು ಸುವ್ಯವಸ್ಥೆ ಉಳಿದಿಲ್ಲ ಎಂದು ದೆಹಲಿ ಸರ್ಕಾರ ಪಟ್ಟಿ ಮಾಡಿದ ಘಟನೆಗಳಲ್ಲಿ ಗಾಣಗಾಪುರದ ಹೆಸರು ದೊಡ್ಡದಾಗಿಯೇ ಇತ್ತು. ಇತಿಹಾಸದ ಪುಸ್ತಕಗಳಲ್ಲಿ ನಮ್ಮ ಕಡೆಯ ಹೆಸರು ಬರುವುದೇ ಅಪರೂಪ, ಬಂದದ್ದು ಹೀಗೆ. ನಾವು ಆ ಪ್ಲಾಟ್‌ಫಾರಂ ಮೇಲೆ ಚಹಾ ಕುಡಿಯುತ್ತ ಅಲ್ಲಿದ್ದ ಹತ್ತು ಹುಡುಗರನ್ನು ಕೇಳಿದೆವು. ಒಬ್ಬರಿಗೂ ಗೊತ್ತಿರಲಿಲ್ಲ. ಅವರ ತಪ್ಪಲ್ಲ, ನಮಗೂ ಗೊತ್ತಾದದ್ದು ಓದಿದ ಮೇಲೆಯೇ.

ಮೂರನೆಯದು ಹುಡೇ. ನಮ್ಮ ಎಷ್ಟೋ ಊರುಗಳಲ್ಲಿ ಗೌಡರ ವಾಡೆಯ ಹತ್ತಿರ ಗುಂಡಗೆ ಎತ್ತರವಾಗಿ ನಿಂತ ಕಲ್ಲು ಮಣ್ಣಿನ ಬುರುಜು. ರಜಾಕಾರರಿಗಿಂತ ಎಷ್ಟೋ ಹಳೆಯದು, ಪಿಂಡಾರಿಗಳ, ದರೋಡೆಕೋರರ ಕಾಲದ ಕಾವಲು. 1948ರಲ್ಲಿ ಮತ್ತೆ ಕೆಲಸಕ್ಕೆ ಬಂತು. ರಾತ್ರಿ ಎರಡು ಪಾಳಿಯಲ್ಲಿ ಗಂಡಸರು ಹುಡೇ ಹತ್ತಿ ಕೂತು, ದೂರದಲ್ಲಿ ದೀಪ ಕಂಡರೆ ಹಲಗೆ ಬಾರಿಸುತ್ತಿದ್ದರು ಎಂದು ಹಿರಿಯರು ಹೇಳುತ್ತಾರೆ. ಹೆಂಗಸರು ಮಕ್ಕಳು ಜೋಳ ತುಂಬುವ ಹಗೇವಿನಲ್ಲಿ ಇಳಿದು ಕೂತದ್ದೂ ಉಂಟಂತೆ. ಹಗೇವಿನೊಳಗೆ ಗಾಳಿ ಕಡಿಮೆ. ಕೂಸು ಅತ್ತರೆ ಬಾಯಿಗೆ ಸೆರಗು. ಇದನ್ನು ಹೇಳಿದ ಆಯಿ ಮುಂದೆ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಹುಡೇ ಸಾಕ್ಷಿಯಾಗಿ ಉಳಿದ ಊರು ತೆಲಂಗಾಣದಲ್ಲಿದೆ, ಭೈರಾನಪಲ್ಲಿ. ರಜಾಕಾರರನ್ನು ಊರೊಳಗೆ ಬಿಡದೆ ಬುರುಜಿನ ಮೇಲಿಂದ ಎದುರಿಸಿದ ಹಳ್ಳಿ. 1948ರ ಆಗಸ್ಟ್ 27ರಂದು ರಜಾಕಾರರೂ ನಿಜಾಮನ ಪಡೆಯೂ ಸೇರಿ ಬಂದು ತೊಂಬತ್ತಕ್ಕೂ ಹೆಚ್ಚು ಜನರನ್ನು ಕೊಂದರು. ಆ ಬುರುಜನ್ನು ಊರವರು ಕೆಡವಿಲ್ಲ, ಅದೇ ಅವರ ಸ್ಮಾರಕ. ನಮ್ಮ ಕಡೆ ಬೀದರ್ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ಸುಮಾರು 200 ಜನ ಹತರಾದರು ಎನ್ನುತ್ತಾರೆ. ಅಲ್ಲಿ ಹೊಸದಾಗಿ ಸ್ಮಾರಕ ಕಟ್ಟಿ, 103 ಅಡಿಯ ಧ್ವಜಸ್ತಂಭ ನಿಲ್ಲಿಸಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಮಾಡಿದರು. ಧ್ವಜಸ್ತಂಭ ದೂರದಿಂದ ಕಾಣುತ್ತದೆ, ಒಳ್ಳೆಯದೇ. ಆದರೆ ನಮಗೆ ಭೈರಾನಪಲ್ಲಿಯ ಹಳೆಯ ಬುರುಜೇ ಹೆಚ್ಚು ಹಿಡಿಸುತ್ತದೆ. ಅದು ಅವತ್ತು ಅಲ್ಲಿ ಇತ್ತು.

ನಮ್ಮಲ್ಲಿ ಹುಡೇಗಳು ಏನಾಗುತ್ತಿವೆ ಎಂದು ನಿಮಗೇ ಗೊತ್ತು. ಮಣ್ಣು ಹೊಲಕ್ಕೆ, ಕಲ್ಲು ಮನೆಯ ಬುನಾದಿಗೆ.

ಹಾಗಾದರೆ ರಜಾಕಾರರದೇ ವಸ್ತುಗಳು ಎಲ್ಲಿ ಹೋದವು? ಆ ಖಾಕಿ ಅಂಗಿ, ಟೊಪ್ಪಿಗೆ, ಸದಸ್ಯತ್ವದ ಕಾಗದ? ಆ ಕಾಲದಲ್ಲಿ ಕಾಸಿಂ ರಜ್ವಿಯ ಕಡೆಯವರು ಎರಡು ಲಕ್ಷ ರಜಾಕಾರರಿದ್ದಾರೆ ಎಂದು ಹೇಳಿಕೊಂಡರು. ಅದರಲ್ಲಿ ಅರ್ಧ ಸುಳ್ಳು ಎಂದುಕೊಂಡರೂ ಲಕ್ಷ ಅಂಗಿಗಳಾದರೂ ಇರಬೇಕಿತ್ತು. ನಮ್ಮ ಮೂರು ತಾಲ್ಲೂಕುಗಳಲ್ಲಿ ಅಡ್ಡಾಡಿದ ನಮಗೆ ಒಂದೂ ಸಿಗಲಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೊಲ್ಲಾಪುರದಿಂದ ಹೊರಟು ನಳದುರ್ಗ, ಉಮರ್ಗಾ, ಹುಮನಾಬಾದ್ ದಾರಿಯಲ್ಲಿ ನುಗ್ಗಿತು. ಉಮರ್ಗಾ ಅಂದರೆ ಆಳಂದದ ನೆರೆ. 17ಕ್ಕೆ ನಿಜಾಮ ಸೋಲೊಪ್ಪಿದ, 18ರಂದು ಅವನ ಸೇನಾಪತಿ ಎಲ್ ಎಡ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧರಿಯವರಿಗೆ ಶರಣಾದ. ಐದು ದಿನದ ಹಿಂದೆ ಹೆಮ್ಮೆಯ ಗುರುತಾಗಿದ್ದ ಅಂಗಿ ಐದು ದಿನದಲ್ಲಿ ಸಾವಿನ ಚೀಟಿಯಾಯಿತು. ಬಾವಿಗೆ ಎಸೆದರು, ಒಲೆಗೆ ಹಾಕಿದರು, ಹೂತರು. ಅಂಥ ಬಟ್ಟೆಯನ್ನು ಯಾವ ಮನೆಯವರು ಮಡಚಿ ಟ್ರಂಕಿನಲ್ಲಿ ಇಡುತ್ತಾರೆ?

ಇಟ್ಟ ದೇಶವೂ ಒಂದಿದೆ. ಅಮೆರಿಕದಲ್ಲಿ ಕು ಕ್ಲಕ್ಸ್ ಕ್ಲಾನ್ ಎಂಬ ಬಿಳಿಯರ ದ್ವೇಷದ ಸಂಘಟನೆ 1865ರಲ್ಲಿ ಟೆನೆಸಿ ರಾಜ್ಯದ ಪುಲಾಸ್ಕಿ ಎಂಬ ಸಣ್ಣ ಊರಿನಲ್ಲಿ ಹುಟ್ಟಿತು. 1915ರಲ್ಲಿ ಮತ್ತೆ ತಲೆ ಎತ್ತಿ, 1920ರ ದಶಕದಲ್ಲಿ ಸಣ್ಣ ಸಣ್ಣ ಊರುಗಳಿಗೆಲ್ಲ ಹಬ್ಬಿತು. ಬಿಳಿ ನಿಲುವಂಗಿ, ಮುಖ ಮುಚ್ಚುವ ಚೂಪು ಟೊಪ್ಪಿಗೆ. ಕರಿಯ ಜನರನ್ನು ಹೊಡೆದು, ಸುಟ್ಟು, ಮರಕ್ಕೆ ನೇತು ಹಾಕಿದ ಜನ. ಈಗ ಅಜ್ಜ ತೀರಿದ ಮೇಲೆ ಅಟ್ಟದ ಪೆಟ್ಟಿಗೆ ತೆಗೆದ ಮೊಮ್ಮಕ್ಕಳ ಕೈಗೆ ಆ ನಿಲುವಂಗಿ ಸಿಗುತ್ತದೆ. ಸುಡಬೇಕೋ, ಮಾರಬೇಕೋ, ಊರಿನ ಸಂಗ್ರಹಾಲಯಕ್ಕೆ ಕೊಡಬೇಕೋ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಮಿಷಿಗನ್ ರಾಜ್ಯದ ಫೆರಿಸ್ ವಿಶ್ವವಿದ್ಯಾಲಯದಲ್ಲಿ ಇಂಥ ವಸ್ತುಗಳದೇ ಒಂದು ಸಂಗ್ರಹಾಲಯವಿದೆ, ಹೆಸರು ಜಿಮ್ ಕ್ರೋ ಮ್ಯೂಸಿಯಂ. ಅದನ್ನು ಕಟ್ಟಿದ ಡೇವಿಡ್ ಪಿಲ್ಗ್ರಿಮ್ ಸ್ವತಃ ಕರಿಯ ಸಮುದಾಯದವರು. ಹುಡುಗನಾಗಿದ್ದಾಗ ತನ್ನ ಜನರನ್ನು ಅವಮಾನಿಸುವ ಒಂದು ಗೊಂಬೆಯಂಥ ವಸ್ತುವನ್ನು ಸಂತೆಯಲ್ಲಿ ದುಡ್ಡು ಕೊಟ್ಟು ಕೊಂಡು, ಮಾರಿದವನ ಎದುರಿಗೇ ನೆಲಕ್ಕೆ ಬಡಿದು ಒಡೆದರಂತೆ. ಆಮೇಲೆ ಒಡೆಯುವುದನ್ನು ಬಿಟ್ಟು ಕೂಡಿಡಲು ಶುರು ಮಾಡಿದರು. ದ್ವೇಷ ಹೇಗೆ ಮನೆಬಳಕೆಯ ಸಾಮಾನಿನಲ್ಲೂ ಹೊಕ್ಕಿತ್ತು ಎಂದು ಮಕ್ಕಳಿಗೆ ಮುಟ್ಟಿ ತೋರಿಸಲಿಕ್ಕೆ.

ಕ್ಲಾನಿಗೂ ರಜಾಕಾರರಿಗೂ ಸರಿಸಮ ಹೋಲಿಕೆ ಇಲ್ಲ. ಅಲ್ಲಿಯದು ಬಹುಸಂಖ್ಯಾತರ ದ್ವೇಷ. ಇಲ್ಲಿಯದು ಕೈಬಿಟ್ಟು ಹೋಗುತ್ತಿರುವ ಒಂದು ರಾಜ್ಯದ ಕೊನೆಯ ಸಿಟ್ಟು, ಅದು ಎದ್ದದ್ದು ಜನಸಂಖ್ಯೆಯಲ್ಲಿ ಕಡಿಮೆ ಇದ್ದು ಅಧಿಕಾರದಲ್ಲಿ ಹೆಚ್ಚಿದ್ದವರ ನಡುವಿಂದ. ಅದಕ್ಕೇ ನಮ್ಮ ಕಥೆಗೆ ಎರಡನೇ ಭಾಗವಿದೆ. ಸೆಪ್ಟೆಂಬರ್ 17ರ ಭಾಷಣಗಳಲ್ಲಿ ಅದು ಬರುವುದಿಲ್ಲ.

ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಹಳ್ಳಿಗಳಲ್ಲಿ ಏನಾಯಿತು ಎಂದು ನೋಡಿಕೊಂಡು ಬರಲು ಪ್ರಧಾನಿ ನೆಹರೂ ಅವರು ಗಾಂಧೀಜಿಯ ಶಿಷ್ಯ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳುಹಿಸಿದರು. 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರ ತನಕ ಅವರು 16 ಜಿಲ್ಲೆಗಳಲ್ಲಿ 9ನ್ನು ಸುತ್ತಿದರು. ಅವರ ವರದಿ ಹೇಳುವ ಲೆಕ್ಕ: ಕಾರ್ಯಾಚರಣೆಯ ಸಮಯದಲ್ಲಿ ಮತ್ತು ನಂತರ ಇಡೀ ರಾಜ್ಯದಲ್ಲಿ ಕಡಿಮೆಯೆಂದರೂ 27,000ದಿಂದ 40,000 ಜನ ಸತ್ತರು, ಹೆಚ್ಚಿನವರು ಮುಸ್ಲಿಮರು. ಎಲ್ಲಕ್ಕಿಂತ ಕೆಟ್ಟ ಪೆಟ್ಟು ಬಿದ್ದ ಜಿಲ್ಲೆಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್. ಈ ನಾಲ್ಕರಲ್ಲೇ 18,000ಕ್ಕೆ ಕಡಿಮೆಯಿಲ್ಲ. ಗುಲಬರ್ಗಾ ಅಂದರೆ ನಾವು. ಗಡಿಯಾಚೆ ಸೊಲ್ಲಾಪುರ ಮುಂತಾದ ಕಡೆಯಿಂದ ಆಯುಧ ಹಿಡಿದು ಬಂದ ಗುಂಪುಗಳೂ ಇದರಲ್ಲಿ ಕೈ ಹಾಕಿದ್ದವು ಎಂದು ವರದಿ ಬರೆಯಿತು. ಹೆಣ ತುಂಬಿದ ಬಾವಿಗಳನ್ನು ಕಣ್ಣಾರೆ ಕಂಡದ್ದನ್ನೂ ಬರೆಯಿತು. ಜೀವ ಒತ್ತೆ ಇಟ್ಟು ನೆರೆಯ ಮುಸ್ಲಿಮರನ್ನು ಕಾಪಾಡಿದ ಹಿಂದೂಗಳ ಸಂಗತಿಯನ್ನೂ ಬರೆಯಿತು.

ಆ ವರದಿಯನ್ನು ದಶಕಗಳ ಕಾಲ ಸರ್ಕಾರ ಹೊರಗೆ ಬಿಡಲಿಲ್ಲ. ಈಗ ದೆಹಲಿಯ ಪ್ರಧಾನಮಂತ್ರಿಗಳ ವಸ್ತುಸಂಗ್ರಹಾಲಯ ಮತ್ತು ಗ್ರಂಥಾಲಯದಲ್ಲಿ (ಹಿಂದಿನ ನೆಹರೂ ಸ್ಮಾರಕ ಗ್ರಂಥಾಲಯ) ಓದಲು ಸಿಗುತ್ತದೆ, 2013ರ ಸುಮಾರಿಗೆ ಪತ್ರಿಕೆಗಳಲ್ಲೂ ಚರ್ಚೆಯಾಯಿತು. ನಮ್ಮ ಮಟ್ಟಿಗೆ ಆ ಕಾಲದ ಅತಿ ಭಾರದ ವಸ್ತು ಅದೇ, ಕಾಗದವಾದರೂ.

ಸತ್ತವರಲ್ಲಿ ರಜಾಕಾರರು ಎಷ್ಟು ಜನ? ಕಾಸಿಂ ರಜ್ವಿಗೆ ಶಿಕ್ಷೆಯಾಯಿತು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋಗಿ ಅಲ್ಲೇ ಸತ್ತ. ದೊಡ್ಡವರು ಹಾಗೆ ದಾಟಿಕೊಂಡರು. ಹಳ್ಳಿಯ ಪಿಂಜಾರ, ಅತ್ತಾರ, ಬಡ ಕೂಲಿಗಾರ ದಾಟಿ ಹೋಗುವುದೆಲ್ಲಿಗೆ? ರಜಾಕಾರರನ್ನು ವಿರೋಧಿಸಿದ ಮುಸ್ಲಿಮರೂ ಇದ್ದರು. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಭಾರತಕ್ಕೆ ಸೇರಬೇಕೆಂದು ಬರೆದರು. 1948ರ ಆಗಸ್ಟ್ 21ರ ರಾತ್ರಿ ಹೈದರಾಬಾದಿನ ಬೀದಿಯಲ್ಲಿ ಅವರನ್ನು ಗುಂಡಿಕ್ಕಿ, ಬರೆದ ಕೈ ಕತ್ತರಿಸಿ ಕೊಂದರು. ಪತ್ರಿಕೋದ್ಯಮ ಓದುವಾಗ ನಮ್ಮ ತರಗತಿಯಲ್ಲಿ ಈ ಹೆಸರು ಒಮ್ಮೆಯೂ ಬರಲಿಲ್ಲ ಎಂಬುದು ನಮಗೆ ಈಗಲೂ ಬೇಸರ.

ಇದನ್ನೆಲ್ಲ ಒಂದೇ ಕೋಣೆಯಲ್ಲಿ ಇಡುವ ಸಂಗ್ರಹಾಲಯ ಎಲ್ಲಿದೆ? ಹೈದರಾಬಾದಿನ ಪುರಾನಿ ಹವೇಲಿಯಲ್ಲಿ ನಿಜಾಮನ ಮ್ಯೂಸಿಯಂ ಇದೆ, 2000ದಲ್ಲಿ ತೆರೆದದ್ದು. ಅಲ್ಲಿ ಅವನ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಬಂದ ಬೆಳ್ಳಿ ಬಂಗಾರದ ಕಾಣಿಕೆಗಳಿವೆ. ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯ ಬಹಮನಿ ಕಾಲದ ಗುಮ್ಮಟಗಳೊಳಗಿದೆ. ಸನ್ನತಿಯ ಬೌದ್ಧ ಶಿಲ್ಪಗಳಿಗಾಗಿ ಅಲ್ಲಿಗೆ ಒಮ್ಮೆಯಾದರೂ ಹೋಗಲೇಬೇಕು. ಆದರೆ 1948 ಕಲ್ಲಿನಲ್ಲಿ ಉಳಿದ ಇತಿಹಾಸವಲ್ಲ. ಅದು ಮನೆಗಳಲ್ಲಿದೆ. ಕೆಲವು ಮನೆಗಳಲ್ಲಿ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಯ ಕಾಗದ, ತಾಮ್ರಪತ್ರ ಇವೆ. ಶಿಬಿರದಲ್ಲಿದ್ದೆ ಎಂದು ತೋರಿಸಲು ವರ್ಷಗಟ್ಟಲೆ ಕಚೇರಿ ಅಲೆದವರ ಅರ್ಜಿಯ ಕಟ್ಟುಗಳಿವೆ. ಹೋರಾಡಿದವರಿಗೆ ಹೀಗೆ ಕಾಗದವಾದರೂ ಇದೆ. ರಜಾಕಾರರ ಬೆಂಕಿಯಲ್ಲಿ ಮನೆಮಂದಿ ಕಳೆದುಕೊಂಡವರಿಗೆ, ಸೆಪ್ಟೆಂಬರಿನ ಬಾವಿಯಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಯಾವ ಕಾಗದ? ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ ರಜಾಕಾರರು ಇಟ್ಟ ಬೆಂಕಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ತಾಯಿ, ತಂಗಿ ತೀರಿಕೊಂಡ ಸಂಗತಿ ಅವರು ದೊಡ್ಡ ಸ್ಥಾನಕ್ಕೆ ಬಂದ ಮೇಲೆ ಎಲ್ಲರ ಬಾಯಲ್ಲಿ ಬಂತು. ಅಂಥ ಸ್ಥಾನಕ್ಕೆ ಬಾರದ ಮಕ್ಕಳ ಮನೆಯ ಸಂಗತಿ ಅವರೊಡನೆ ಮಣ್ಣಾಗುತ್ತಿದೆ.

ಆಗ ಹತ್ತು ವರ್ಷದವರಿಗೆ ಈಗ ತೊಂಬತ್ತರ ಹತ್ತಿರ. ಹೆಚ್ಚು ದಿನ ಇಲ್ಲ.

ಅದಕ್ಕೆ ನಿಮ್ಮ ಮನೆಯಲ್ಲಿ ಆ ಕಾಲದ್ದೇನಾದರೂ ಇದ್ದರೆ ಒಂದು ಕೆಲಸ ಮಾಡಿ. ಫೋಟೊ ತೆಗೆಯುವ ಮೊದಲು ಮನೆಯ ಹಿರಿಯರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಣ ಮಾಡಿ: ಇದು ಯಾರದು, ಯಾರ ಕೈಯಿಂದ ಬಂತು, ಯಾಕೆ ಇಟ್ಟರು. ಹಿರಿಯರು 'ಗೊತ್ತಿಲ್ಲ' ಎಂದರೆ ಗೊತ್ತಿಲ್ಲ ಎಂದೇ ಬರೆಯಿರಿ, ನೀವು ಏನೂ ಸೇರಿಸಬೇಡಿ. ಉರ್ದು ಅಥವಾ ಮೋಡಿ ಲಿಪಿಯ ಕಾಗದ ಇದ್ದರೆ ಓದಲು ಬರುವುದಿಲ್ಲವೆಂದು ರದ್ದಿಗೆ ಹಾಕಬೇಡಿ. ಉರ್ದು ಓದುವ ಹಿರಿಯರು ನಿಮ್ಮ ಊರಿನ ಮಸೀದಿಯ ಕಟ್ಟೆಯ ಮೇಲೆಯೇ ಸಿಗುತ್ತಾರೆ. ನಮಗೆ ಆಳಂದ ಕಡೆಯ ಒಂದು ಮನೆಯ ಕಾಗದ ಓದಿಕೊಟ್ಟವರು ಅಂಥ ಒಬ್ಬ ಚಾಚಾ. ಓದಿ ಮುಗಿಸಿ, ತಮ್ಮ ಅಪ್ಪ ಆ ವರ್ಷ ಯಾವ ಗೌಡರ ಹಗೇವಿನಲ್ಲಿ ಆರು ದಿನ ಅಡಗಿದ್ದರು ಎಂದು ಹೇಳಿದರು. ನಾವು ಕೇಳಿರಲಿಲ್ಲ. ಮೊದಲು ಹೆಂಗಸರು ಮಕ್ಕಳು ಅಡಗಿದ್ದರಲ್ಲ, ಅಂಥದ್ದೇ ಹಗೇವು.

ಇನ್ನು ಆ ಕತ್ತಿ. ಮತ್ತೊಮ್ಮೆ ಹೋದಾಗ ಮನೆಯ ಹಿರಿಯರು ಅದನ್ನು ಜಂತಿಯಿಂದ ಇಳಿಸಿ ಒರೆಸಿ ಇಟ್ಟಿದ್ದರು. ಫೋಟೊ ಹರಿಬಿಟ್ಟವನು ಅವರ ಅಣ್ಣನ ಮೊಮ್ಮಗನೇ, ಬೈಗುಳ ತಿಂದು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ. 'ಈಗ ನೀವs ಬರೀರಿ, ಏನಂತ ಬರೀತೀರಿ' ಎಂದು ನಮ್ಮ ಕೈಗೆ ಪೆನ್ನು ಕೊಟ್ಟರು. ನಾವು ಆ ಹುಡುಗನ ಕೈಗೆ ಕೊಟ್ಟೆವು. ಮುತ್ಯಾನ ಹೆಸರು, ಊರು, 1948, ಅಗಸಿ ಕಾಯಲು ಹಿಡಿದದ್ದು ಎಂದು ಬರೆದ. 'ಯಾರ ಮ್ಯಾಲೂ ಎತ್ತಿದ್ದಿಲ್ಲ ಅಂತ ಬರೀಲೇನು ಮುತ್ಯಾ?' ಎಂದು ಕೇಳಿದ. ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅದು ನನಗ ಗೊತ್ತಿಲ್ಲಪ್ಪ' ಎಂದರು. ಹುಡುಗ ಹಾಗೆಯೇ ಬರೆದು, ಚೀಟಿಯನ್ನು ಹಿಡಿಕೆಗೆ ದಾರದಿಂದ ಕಟ್ಟಿದ.